ಭಯದ ಜೊತೆಗೇ ನೀರಿಗಿಳಿಯುವ ಮೀನಣ್ಣ

ಬೆಳಗಿನ ಐದೂವರೆಗೆ ಪಂಪ್‌ಹೌಸಿನ ಸದ್ದು ನಿಲ್ಲುತ್ತದೆ. ಅಷ್ಟು ಹೊತ್ತು ಸದ್ದು ಇತ್ತು ಅನ್ನುವುದೇ ಅದು ನಿಂತ ಮೇಲೆ ಗೊತ್ತಾಗುವುದು. ಕೆರೆಯ ಮೇಲೆ ಬೆಳಕು ಬಿದ್ದಿದೆ, ನೀರಿನೊಳಕ್ಕೆ ಇನ್ನೂ ಇಳಿದಿಲ್ಲ. ಪಂಪ್‌ಹೌಸಿನ ಬಾಗಿಲಿನಿಂದ ಬರಿಮೈಯ ಒಬ್ಬರು ಎಡಗಾಲು ಸ್ವಲ್ಪ ಎಳೆಯುತ್ತ ಹೊರಗೆ ಬರುತ್ತಾರೆ. ಬೊಗಸೆಯಲ್ಲಿ ಮೂರು ಬಿಳಿ ಪಿಂಗಾಣಿಯ ಫ್ಯೂಸುಗಳಿವೆ. ಪಂಪಿಗೆ ಕರೆಂಟು ಹರಿಯುವುದು ಈ ಮೂರರ ಮೂಲಕ. ಇವು ಹೊರಗಿದ್ದರೆ ಒಳಗೆ ಯಾರು ಎಷ್ಟು ಸಲ ಬಟನ್ ಒತ್ತಿದರೂ ಪಂಪು ಮಿಸುಕುವುದಿಲ್ಲ.

ಕೆರೆಗೆ ಇಳಿಯುವ ಮೆಟ್ಟಿಲ ಮೇಲೆ ಮಡಿಸಿದ ಟವೆಲ್ಲೊಂದಿದೆ. ಅದರ ಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಇಟ್ಟು, ಮಗು ಮಗ್ಗಿ ಹೇಳುವ ಹಾಗೆ ಜೋರಾಗಿ ಎಣಿಸುತ್ತಾರೆ. ಪಕ್ಕದಲ್ಲಿ ಹಗ್ಗ ಹಿಡಿದು ನಿಂತವರೂ ಒಂದು, ಎರಡು, ಮೂರು ಎಂದು ಎಣಿಸುತ್ತಾರೆ. ಇಬ್ಬರ ಲೆಕ್ಕವೂ ತಾಳೆಯಾದ ಮೇಲೆಯೇ ಹಗ್ಗದ ತುದಿ ಸೊಂಟಕ್ಕೆ ಬರುವುದು. ಆಮೇಲೆ ಎರಡು ಉಸಿರಿನಷ್ಟು ಹೊತ್ತು ಕಣ್ಣು ಮುಚ್ಚುತ್ತಾರೆ. ತುಟಿ ಅಲ್ಲಾಡುತ್ತದೆ, ಏನೆಂದು ಕೇಳಿಸುವುದಿಲ್ಲ. ಕೈಯಲ್ಲಿ ಕಬ್ಬಿಣದ ಕೊಕ್ಕೆ ಹಿಡಿದು, ಸದ್ದೇ ಇಲ್ಲದೆ ನೀರೊಳಗೆ ಹೋಗಿಬಿಡುತ್ತಾರೆ. ಮೇಲೆ ನಾಲ್ಕಾರು ಗುಳ್ಳೆ ಮಾತ್ರ ಉಳಿಯುತ್ತವೆ.

ಇವರನ್ನು ಪಂಪ್‌ಹೌಸಿನವರೆಲ್ಲ ಮೀನಣ್ಣ ಅನ್ನುತ್ತಾರೆ. ವಯಸ್ಸು ಐವತ್ತನಾಲ್ಕು. ಊರಿಗೆ ನೀರು ಹೋಗುವ ದೊಡ್ಡ ಕೊಳವೆಯ ಬಾಯಿ ಹದಿನೆಂಟು ಅಡಿ ಕೆಳಗಿದೆ. ಅದಕ್ಕೊಂದು ಕಬ್ಬಿಣದ ಜಾಲರಿ. ಪಂಪು ನೀರು ಎಳೆದಂತೆಲ್ಲ ಪಾಚಿ, ಜೊಂಡು, ಪ್ಲಾಸ್ಟಿಕ್ಕು, ಹರಕು ಬಟ್ಟೆ ಎಲ್ಲವೂ ಬಂದು ಆ ಜಾಲರಿಗೆ ಅಂಟಿಕೊಳ್ಳುತ್ತವೆ. ದಿನಾ ಬೆಳಿಗ್ಗೆ ಒಂದು ಗಂಟೆ ಪಂಪು ನಿಲ್ಲಿಸಿ ಅದನ್ನು ಬಿಡಿಸಬೇಕು. ಒಂದು ದಿನ ಬಿಟ್ಟರೆ ಎತ್ತರದ ಬೀದಿಗಳ ನಲ್ಲಿ ಸಣ್ಣಗಾಗುತ್ತದೆ, ಮೂರು ದಿನ ಬಿಟ್ಟರೆ ಅರ್ಧ ಊರಿಗೆ ನೀರಿಲ್ಲ. ಕೆಳಗೆ ಕಣ್ಣಿಗೆ ಏನೂ ಕಾಣುವುದಿಲ್ಲವಂತೆ. ಎಲ್ಲವೂ ಕೈಯ ಲೆಕ್ಕ. ಮುಖಕ್ಕೆ ಕನ್ನಡಕವಿಲ್ಲ, ಬೆನ್ನಿಗೆ ಗಾಳಿಯ ಸಿಲಿಂಡರಿಲ್ಲ. ಒಂದು ಮುಳುಗಿಗೆ ಒಂದು ನಿಮಿಷ, ಹೆಚ್ಚೆಂದರೆ ಒಂದೂಕಾಲು. ದಿನಕ್ಕೆ ಹದಿನಾಲ್ಕು ಮುಳುಗು, ಎರಡು ಬುಟ್ಟಿ ಕಸ.

ಈ ಊರಿಗೆ ನಲ್ಲಿ ಬಂದ ವರ್ಷ ಜನ ಅದರ ಬಾಯಿಗೆ ಕಿವಿಯಿಟ್ಟು ನೀರು ಬರುವ ಸದ್ದು ಕೇಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಆ ನೀರಿನ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ ಅಂತ ಆಗಲೂ ಯಾರೂ ಯೋಚಿಸಿರಲಿಲ್ಲ, ಈಗಲೂ ಇಲ್ಲ. ಜಾಲರಿಗೆ ಏನೇನು ಸಿಗುತ್ತದೆ ಎಂದು ಮೀನಣ್ಣನನ್ನು ಕೇಳಿದೆ. ಕೊಡೆ, ಗೊಂಬೆ, ಒಂಟಿ ಚಪ್ಪಲಿ ಎಂದು ಬೆರಳು ಮಡಿಸಿದರು. ಒಮ್ಮೆ ಪೂರ್ತಿ ಒಂದು ಹಲ್ಲಿನ ಸೆಟ್ಟು ಸಿಕ್ಕಿತಂತೆ. ತೊಳೆದು ಪಂಪ್‌ಹೌಸಿನ ಕಿಟಕಿಯಲ್ಲಿ ಒಂದು ತಿಂಗಳು ಇಟ್ಟಿದ್ದರಂತೆ, ಯಾರೂ ಬರಲಿಲ್ಲ. “ನಗ್ತಾ ನಗ್ತಾ ಬಿದ್ದಿರಬೇಕು ಪಾಪ, ಆಮೇಲೆ ಕೇಳೋಕೆ ಬಾಯಿ ಬಂದಿರಲ್ಲ” ಎಂದರು.

ಇದಿಷ್ಟೇ ಆಗಿದ್ದರೆ ನಾನು ಒಂದೇ ಬೆಳಿಗ್ಗೆ ನೋಡಿಕೊಂಡು ಬಂದುಬಿಡುತ್ತಿದ್ದೆ. ನಾಲ್ಕು ಬೆಳಿಗ್ಗೆ ಹೋಗಿ ಕುಳಿತದ್ದು ಹಗ್ಗ ಹಿಡಿದವರಿಗಾಗಿ. ಅವರು ಮೀನಣ್ಣನ ಭಾವಮೈದುನ, ಹೆಂಡತಿಯ ತಮ್ಮ, ನಲವತ್ತರ ಆಸುಪಾಸು. ಮೂರು ವರ್ಷದ ಹಿಂದೆ ಈ ಪಂಪ್‌ಹೌಸಿನ ಆಪರೇಟರ್ ಅವರೇ. ಮೀನಣ್ಣ ನೀರೊಳಗೆ ಇರುವಾಗಲೇ ಪಂಪು ಹಾಕಿದ ಕೈಯೂ ಅವರದೇ. ಈಗ ಮೀನಣ್ಣ ಪ್ರಾಣ ಕಟ್ಟಿಕೊಂಡು ಇಳಿಯುವ ಹಗ್ಗವನ್ನು ಆ ಕೈಗೇ ಕೊಟ್ಟಿದ್ದಾರೆ. ಹೀಗೆ ಕೊಡುವುದಕ್ಕೆ ಒಬ್ಬ ಮನುಷ್ಯನಿಗೆ ಎಲ್ಲಿಂದ ಬಲ ಬರುತ್ತದೆ ಅನ್ನುವುದು ನನ್ನ ಕುತೂಹಲ.

ಭಾವಮೈದುನ ಹಗ್ಗ ಹಿಡಿಯುತ್ತಾರೆ, ಫ್ಯೂಸು ಎಣಿಸುತ್ತಾರೆ, ಕಸದ ಬುಟ್ಟಿ ಹೊರುತ್ತಾರೆ. ಪಂಪಿನ ಕೋಣೆಯ ಹೊಸ್ತಿಲು ಮಾತ್ರ ದಾಟುವುದಿಲ್ಲ. ಈಗಿನ ಆಪರೇಟರ್ ಈ ತಿಂಗಳ ಕೊನೆಗೆ ನಿವೃತ್ತಿಯಾಗುತ್ತಾರೆ. ಅಷ್ಟರೊಳಗೆ ಭಾವಮೈದುನ ಮತ್ತೆ ಪಂಪು ಹಾಕಲು ಒಪ್ಪಿದರೆ ಸರಿ, ಇಲ್ಲದಿದ್ದರೆ ಹೊಸಬರನ್ನು ಹಾಕಿ ಇವರನ್ನು ಪೈಪುಗಳ ಗೋದಾಮಿಗೆ ಕಳಿಸುತ್ತೇವೆ ಎಂದು ಆಫೀಸಿನವರು ಹೇಳಿಯಾಗಿದೆ. ನಾನು ಹೋದ ದಿನಕ್ಕೆ ಉಳಿದಿದ್ದದ್ದು ಹತ್ತು ದಿನ. ಹೊಸಬರು ಬಂದರೆ ಮೀನಣ್ಣನಿಗೆ ತೊಂದರೆಯೇನಿಲ್ಲ. ಅವರ ಚಿಂತೆ ಬೇರೆ: ಗೋದಾಮಿಗೆ ಹೋದವನು ಇನ್ನು ಜೀವಮಾನದಲ್ಲಿ ಆ ಬಟನ್ನಿನ ಹತ್ತಿರ ಬರುವುದಿಲ್ಲ, ತಾನು ಮಾಡದ ತಪ್ಪನ್ನು ಹೊತ್ತುಕೊಂಡೇ ಮುದುಕನಾಗುತ್ತಾನೆ. ಮಾಡದ ತಪ್ಪು ಹೇಗೆ ಅನ್ನುವುದಕ್ಕೆ ಆ ದಿನದ ಕಥೆ ಹೇಳಬೇಕು.

ಮೀನಣ್ಣನ ತಂದೆ ದೋಣಿ ರಿಪೇರಿ ಮಾಡುತ್ತಿದ್ದವರು. ನೀರಿಗೆ ಬಿದ್ದ ಸುತ್ತಿಗೆ, ಸ್ಪ್ಯಾನರ್ ಎತ್ತಿಕೊಡುವುದು ಚಿಕ್ಕಂದಿನಿಂದ ಇವರ ಕೆಲಸ. ಶಾಲೆ ಮೂರನೇ ಕ್ಲಾಸಿಗೆ ಮುಗಿಯಿತು. ಇಪ್ಪತ್ತೆಂಟನೇ ವಯಸ್ಸಿಗೆ ಇಲ್ಲಿ ಸೇರಿದರು, ಮದುವೆಯಾದ ವರ್ಷದಿಂದ ಹಗ್ಗ ಹಿಡಿದದ್ದು ಹೆಂಡತಿ. ಇಪ್ಪತ್ತು ವರ್ಷ ಹಿಡಿದರು. ಒಂದು ಸಲ ಜಗ್ಗಿದರೆ ಕ್ಷೇಮ, ಎರಡು ಸಲಕ್ಕೆ ಹಗ್ಗ ಸಡಿಲ ಬಿಡು, ಮೂರಕ್ಕೆ ಎಳೆದುಕೋ. ಅವರ ಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಈ ಕೆಲಸ ಹೇಗೆ ಒಗ್ಗಿತು ಎಂದು ಕೇಳಿದೆ. “ಬೇರೆ ಹೆಂಗಸರು ಗಂಡನಿಗೆ ಮೂಗುದಾರ ಹಾಕ್ತಾರೆ. ನಂಗೆ ಸೊಂಟಕ್ಕೇ ಸಿಕ್ತು” ಎಂದು ಆಕೆ ಬಟ್ಟಲು ತೊಳೆಯಲು ಎದ್ದು ಹೋದರು. ಎಡಗೈ ಮಾತ್ರ ಕೆಲಸ ಮಾಡುತ್ತಿತ್ತು. ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ.

ಆಗ ಫ್ಯೂಸು ತೆಗೆಯುವ ಪದ್ಧತಿ ಇರಲಿಲ್ಲ. ಪಂಪಿನ ಕೋಣೆಯ ಬಾಗಿಲ ಚಿಲಕಕ್ಕೆ ಒಂದು ಕೆಂಪು ಬಟ್ಟೆ ಕಟ್ಟುತ್ತಿದ್ದರು. ಬಟ್ಟೆ ಇದ್ದರೆ ಮನುಷ್ಯ ನೀರಲ್ಲಿದ್ದಾನೆ, ಬಿಚ್ಚಿದ್ದರೆ ಮೇಲೆ ಬಂದಿದ್ದಾನೆ ಎಂದು ಅರ್ಥ. ಆ ಕೋಣೆಯಿಂದ ನೋಡಿದರೆ ನಡುವೆ ಅಡ್ಡಗೋಡೆಯಿದೆ, ಮೆಟ್ಟಿಲು ಕಾಣುವುದಿಲ್ಲ. ಹಾಗಾಗಿ ಬಟ್ಟೆಯೇ ಕಣ್ಣು.

ಆ ಬೆಳಿಗ್ಗೆ ಕೆಲಸ ಮುಗಿದಿತ್ತು. ಮೀನಣ್ಣನೇ ಚಿಲಕದ ಕೆಂಪು ಬಟ್ಟೆ ಬಿಚ್ಚಿ ಬಂದು ಮೈ ಒರೆಸಿಕೊಳ್ಳುತ್ತಿದ್ದರು, ಹಗ್ಗ ಇನ್ನೂ ಸೊಂಟದಲ್ಲೇ ಇತ್ತು. ಆಗ ನೆನಪಾಯಿತು, ಕೊಕ್ಕೆ ಜಾಲರಿಯಲ್ಲೇ ಸಿಕ್ಕಿಕೊಂಡು ಉಳಿದಿದೆ. ಒಂದು ನಿಮಿಷದ ಕೆಲಸ. ಹೆಂಡತಿ, ಮತ್ತೆ ಬಟ್ಟೆ ಕಟ್ಟಿ ಇಳೀರಿ, ಎಂದರು. ಆ ಮಾತು ಮುಗಿಯುವುದರೊಳಗೆ ಇವರು ನೀರಲ್ಲಿದ್ದರು. ಅತ್ತ ಭಾವಮೈದುನ ಕೈ ತೊಳೆದುಕೊಂಡು ಬಂದು, ಖಾಲಿ ಚಿಲಕ ನೋಡಿ, ಬಟನ್ ಒತ್ತಿದರು.

ಪಂಪಿನ ಎಳೆತ ಮೀನಣ್ಣನ ಬೆನ್ನನ್ನೂ ಎಡಗಾಲನ್ನೂ ಜಾಲರಿಗೆ ಒತ್ತಿ ಹಿಡಿಯಿತು. ಮೇಲೆ ಹಗ್ಗ ತಂತಿಯಂತೆ ಬಿಗಿಯಿತು. ಹೆಂಡತಿ ಭುಜ ಕಿತ್ತು ಬರುವವರೆಗೆ ಎಳೆದು, ಆಗದೆ, ಹಗ್ಗವನ್ನು ಕಂಬಕ್ಕೆ ಸುತ್ತಿ ಕೂಗುತ್ತ ಬಾಗಿಲಿಗೆ ಓಡಿದರು. ಆಕೆಯ ತಮ್ಮ ಪಂಪು ನಿಲ್ಲಿಸಿ, ಉಟ್ಟ ಬಟ್ಟೆಯಲ್ಲೇ ಧುಮುಕಿ ಭಾವನನ್ನು ಎತ್ತಿದರು. ಎದೆ ಒತ್ತಿ, ಬಾಯಿಗೆ ಬಾಯಿಟ್ಟು ಗಾಳಿ ಊದಿದವರೂ ಅವರೇ. ಎಷ್ಟು ಹೊತ್ತು ನೀರೊಳಗಿದ್ದಿರಬಹುದು ಎಂದು ಕೇಳಿದರೆ ಡಾಕ್ಟರು ಎರಡೂವರೆ ನಿಮಿಷ ಅಂದರಂತೆ. ಹೆಂಡತಿ ಹೇಳುವುದು ಅರ್ಧ ಆಯಸ್ಸು. ಮೀನಣ್ಣನ ಬೆನ್ನಿನ ಮೇಲೆ ಇಂದಿಗೂ ಜಾಲರಿಯ ಎಂಟು ಗೆರೆಗಳಿವೆ.

ಆ ಹೊತ್ತಿನಲ್ಲಿ ಏನು ಕಂಡಿತು, ಬೆಳಕು ಗಿಳಕು ಏನಾದರೂ, ಎಂದು ನಾನು ಕೇಳಿದೆ. ಅವರು ನಕ್ಕರು. “ಎಲ್ಲಿಯ ಬೆಳಕು ಯಜಮಾನ್ರೇ, ಕೆಸರು. ಮೊದಲು ಕೈಕಾಲು ಬಡಿದೆ. ಆಮೇಲೆ ಮಾಡೋಕೆ ಏನೂ ಉಳೀಲಿಲ್ಲ. ಅಲ್ಲಿವರೆಗೂ ಉಸಿರನ್ನ ನಾನು ಹಿಡ್ಕೊಂಡಿದ್ದೆ. ಆಮೇಲೆ ನನ್ನನ್ನೇ ಯಾರೋ ಹಿಡ್ಕೊಂಡ ಹಾಗಿತ್ತು. ಅದಕ್ಕಿಂತ ಜಾಸ್ತಿ ಹೇಳಿದ್ರೆ ಸುಳ್ಳಾಗುತ್ತೆ.”

ಇಲ್ಲಿಗೇ ನಿಲ್ಲಿಸಿದರೆ ಇದು ದೇವರು ಕಾಪಾಡಿದ ಕಥೆ. ಬಂದು ಹೋದವರೆಲ್ಲ ಅದನ್ನೇ ಹೇಳಿದರು. ಆದರೆ ಮೀನಣ್ಣನಿಗೆ ನಿಜವಾದ ಕಷ್ಟ ಶುರುವಾದದ್ದು ನೀರಿನಿಂದ ಮೇಲೆ ಬಂದ ಮೇಲೆ.

ಮೂರನೇ ದಿನ ಇಂಜಿನಿಯರು ಕಾಗದ ಹಿಡಿದು ವಿಚಾರಣೆಗೆ ಬಂದರು. ಬಾಗಿಲಲ್ಲಿ ಕೆಂಪು ಬಟ್ಟೆ ಇತ್ತೋ ಇಲ್ಲವೋ ಎಂದು ಭಾವಮೈದುನನನ್ನು ಕೇಳಿದರು. ಇರಲಿಲ್ಲ ಅಂದರೆ ತಪ್ಪು ಭಾವನದಾಗುತ್ತದೆ, ಆಸ್ಪತ್ರೆಯಲ್ಲಿ ಮಲಗಿದ ಮನುಷ್ಯನ ಕೆಲಸ ಹೋಗುತ್ತದೆ, ಅಕ್ಕನ ಕೈಯೂ ಹೋಗಿದೆ. ತನಗೆ ಹೆಂಡತಿ ಮಕ್ಕಳಿಲ್ಲ. ಅವರು, ನೋಡಲಿಲ್ಲ ಸಾರ್, ಎಂದುಬಿಟ್ಟರು. ಅಷ್ಟಕ್ಕೇ ಪಂಪಿನಿಂದ ತೆಗೆದು ಗೋದಾಮಿಗೆ ಹಾಕಿದರು. ಬೀದಿಯಲ್ಲಿ ಹೋದರೆ ಜನ ಬೆರಳು ತೋರಿಸುವಂತಾಯಿತು.

ಮೀನಣ್ಣನಿಗೆ ಇದು ಹಾಸಿಗೆಯಲ್ಲೇ ತಿಳಿಯಿತು. ಸುಮ್ಮನಿದ್ದರು. ಮೊದಲ ವಾರ ನೋವು ಅಂತ ಸುಮ್ಮನಿದ್ದರು, ಆಮೇಲೆ ಕಾಲು ಸರಿಹೋಗಲಿ ಅಂತ. ಐದು ತಿಂಗಳು ಹೀಗೇ ಹೋಯಿತು. ಮನೆಗೆ ಬಂದವರು ಭಾವಮೈದುನನನ್ನು ಬೈದರೆ ತಲೆ ಅಲ್ಲಾಡಿಸದೆ, ಅಲ್ಲ ಅಂತಲೂ ಅನ್ನದೆ, ಗೋಡೆ ನೋಡುತ್ತಿದ್ದರು.

ಈ ನಡುವೆ ನೀರಿನ ಭಯ ಹಿಡಿಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ನೀರಲ್ಲೇ ಬದುಕಿದ ಮನುಷ್ಯನಿಗೆ ತಲೆಯ ಮೇಲೆ ಒಂದು ತಂಬಿಗೆ ನೀರು ಸುರಿದುಕೊಳ್ಳಲು ಆಗದು. ಒದ್ದೆ ಬಟ್ಟೆಯಲ್ಲಿ ತಲೆ ಒರೆಸಿಕೊಳ್ಳುತ್ತಿದ್ದರು. ದಿನಾ ಪ್ರಾರ್ಥನೆ ಮಾಡುತ್ತಿದ್ದರು, ದೇವರೇ ಈ ಭಯ ತೆಗಿ ಎಂದು. ತೆಗೆಯಲಿಲ್ಲ. ಸಿಟ್ಟು ಬಂದು ಕೆಲವು ವಾರ ಪ್ರಾರ್ಥನೆಯನ್ನೇ ಬಿಟ್ಟರು. ಬಿಟ್ಟಾಗಲೂ ಭಯ ಹಾಗೇ ಇತ್ತು. ಹಾಗಿದ್ದ ಮೇಲೆ ಮಾಡಿದರೇನು ಬಿಟ್ಟರೇನು ಎಂದು ಮತ್ತೆ ಶುರುಮಾಡಿದೆ ಎಂದು ಹೇಳುವಾಗ ಅವರ ಮುಖದಲ್ಲಿ ತುಂಟತನವಿತ್ತು.

ಹೆಂಡತಿಗೆ ಎಲ್ಲ ಗೊತ್ತಿತ್ತು. ಬಟ್ಟೆ ಕಟ್ಟಿ ಎಂದು ಹೇಳಿದ್ದೇ ಆಕೆ. ಆದರೆ ಆಫೀಸಿನವರು ಆಕೆಯನ್ನು ಕೇಳಲಿಲ್ಲ, ಆಕೆ ತಾನಾಗಿ ಹೇಳಲೂ ಇಲ್ಲ. ತಮ್ಮ ಅನುಭವಿಸುತ್ತಿರುವಾಗ ಅಷ್ಟು ದಿನ ಹೇಗೆ ಬಾಯಿ ಕಟ್ಟಿಕೊಂಡಿರಿ ಎಂದು ನಾನು ಕೇಳಿದೆ. ಆಕೆ ಹೇಳಿದರು: ತಮ್ಮನ ಹೆಸರನ್ನು ನಾನು ಬಿಡಿಸಬಹುದಿತ್ತು, ಗಂಡನನ್ನು ಬಿಡಿಸಲು ಆಗುತ್ತಿರಲಿಲ್ಲ. ಅದು ಇವರ ಬಾಯಿಂದಲೇ ಬರಬೇಕಿತ್ತು. ತಮ್ಮನ ಹತ್ತಿರ ಹೋಗಿ, ಇನ್ನೂ ಸ್ವಲ್ಪ ತಡಕೋ ಎಂದು ಕೇಳಿಕೊಂಡೆ. ದೇವರ ಹತ್ತಿರವೂ ಅದನ್ನೇ ಕೇಳಿದೆ. ಇಬ್ಬರೂ ತಡಕೊಂಡರು.

ಆ ಮಾತು ಬಂದದ್ದು ಬಚ್ಚಲಲ್ಲಿ. ಆಕೆಗೆ ಕೈ ಏಳದು, ಕೂದಲು ತೊಳೆದುಕೊಳ್ಳಲು ಆಗದು. ಒಂದು ಬೆಳಿಗ್ಗೆ ಮಣೆಯ ಮೇಲೆ ಕೂತು, ನೀರು ಹಾಕಿ ಎಂದು ಗಂಡನನ್ನು ಕರೆದರು. ಇವರು ತಂಬಿಗೆ ಹಿಡಿದು ನಿಂತರು. ಆಕೆ ಕಣ್ಣು ಮುಚ್ಚಿ, ಕತ್ತು ಬಗ್ಗಿಸಿ, ಸುಮ್ಮನೆ ಕೂತಿದ್ದರು. ಇವರು ಸುರಿದರು. ಆಕೆ ಬೆದರಲಿಲ್ಲ, ಇನ್ನೊಂದು ಎಂದರು.

“ನನ್ನಿಂದ ಭುಜ ಹೋಗಿದೆ ಅವಳಿಗೆ” ಎಂದು ಮೀನಣ್ಣ ನಿಧಾನವಾಗಿ ಹೇಳಿದರು. “ಅವಳ ಮಾತು ಕೇಳದೆ ಇಳಿದವನು ನಾನು. ಅದೇ ನನ್ನ ಕೈಗೆ ತಲೆ ಕೊಟ್ಟು ಕಣ್ಣು ಮುಚ್ಚಿ ಕೂತಿದ್ದಾಳೆ. ನಾನು ದೇವರನ್ನ ನಂಬ್ತೀನಿ ಅಂತಿದ್ನಲ್ಲ, ಹೀಗೆ ಒಂದು ದಿನವಾದ್ರೂ ಕೂತಿದ್ನಾ ಅವನ ಮುಂದೆ? ಕೊಡು ಕೊಡು ಅಂತ ಕೈ ಚಾಚಿದ್ದೇ ಬಂತು.”

ತಂಬಿಗೆ ಕೆಳಗಿಟ್ಟು, ಅವತ್ತು ಬಟ್ಟೆ ಇರಲಿಲ್ಲ, ನಾನೇ ಬಿಚ್ಚಿದ್ದೆ, ಎಂದರಂತೆ. ಅದಕ್ಕೆ ಆಕೆ ಕೊಟ್ಟ ಉತ್ತರವನ್ನು ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದರು, ಒಂದಕ್ಷರ ವ್ಯತ್ಯಾಸವಿಲ್ಲ. “ನಂಗೆ ಗೊತ್ತು. ನನಗ್ಯಾಕೆ ಹೇಳ್ತೀರಿ? ಕಣ್ಣಿಗೆ ಸೋಪು ಹೋಗಿದೆ, ನೀರು ಹಾಕಿ.”

ಆಕೆ ಎದ್ದು ಹೋದ ಮೇಲೆ ಮೀನಣ್ಣ ಅದೇ ಮಣೆಯ ಮೇಲೆ ಕೂತರು. ಅವತ್ತು ಏನೂ ಕೇಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ದೇವರಿಗೆ ಹೇಳಿದರು, ಇನ್ನು ನೀನು ಇದ್ದೀಯ, ಏನಾದರೂ ಆಗಲಿ, ಎಂದರು. ಕೋಲು ಹಿಡಿದು ಆಫೀಸಿಗೆ ಹೊರಟರು. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದರಂತೆ. ಒಂದು ಸಲ ಮನೆಯ ತಿರುವಿನವರೆಗೂ ವಾಪಸು ಬಂದಿದ್ದರು. ಕೊನೆಗೆ ಹೋಗಿ, ಇಂಜಿನಿಯರ ಮೇಜಿನ ಮುಂದೆ ನಿಂತು ಎಲ್ಲ ಹೇಳಿ, ಬರೆದುಕೊಂಡ ಕಾಗದಕ್ಕೆ ರುಜು ಹಾಕಿದರು. ಅಲ್ಲಿಂದ ಗೋದಾಮಿಗೆ ಹೋಗಿ ಭಾವಮೈದುನನಿಗೂ ಹೇಳಿದರು. ಆತ ಪೈಪು ಎಣಿಸುತ್ತಿದ್ದವರು, ಲೆಕ್ಕ ತಪ್ಪಿಸಿದಿರಲ್ಲ ಭಾವ, ಎಂದು ಮುಖ ತಿರುಗಿಸಿಕೊಂಡು ಮತ್ತೆ ಮೊದಲಿನಿಂದ ಎಣಿಸತೊಡಗಿದರಂತೆ.

ಆಮೇಲೆ ಎರಡು ತಿಂಗಳು ಆಫೀಸಿನಿಂದ ಸುದ್ದಿಯಿಲ್ಲ. ಕೆಲಸ ಇದೆಯೋ ಇಲ್ಲವೋ ತಿಳಿಯದು. ಕಾಲಿಗೆ ಬಲವಿಲ್ಲ, ಹೆಂಡತಿಗೆ ಕೈಯಿಲ್ಲ. ಬದುಕಿನಲ್ಲಿ ಅಷ್ಟು ಬರಿಗೈಯಾಗಿ ಎಂದೂ ಇರಲಿಲ್ಲ, ಅಷ್ಟು ಚೆನ್ನಾಗಿ ನಿದ್ದೆಯೂ ಎಂದೂ ಬಂದಿರಲಿಲ್ಲ ಎನ್ನುತ್ತಾರೆ. ಆ ದಿನಗಳಲ್ಲೇ ತಲೆಗೆ ಮೊದಲ ತಂಬಿಗೆ ನೀರು ಬಿದ್ದದ್ದು. ಮೊದಲ ದಿನ ಒಂದು, ಮರುದಿನವೂ ಒಂದೇ, ವಾರ ಕಳೆದ ಮೇಲೆ ಎರಡು. ಆಮೇಲೆ ಬಕೆಟ್ಟಿನಲ್ಲಿ ಮುಖ ಅದ್ದಿದರು. ಆಮೇಲೆ ಕೆರೆಯ ಮೊದಲ ಮೆಟ್ಟಿಲು, ಎರಡನೆಯದು. ಸಂಸಾರಸ್ಥ ಮನುಷ್ಯ ಕೂಸಿನ ಹಾಗೆ ನೀರು ಕಲಿಯುವುದನ್ನು ನೋಡಲು ದಡದಲ್ಲಿ ಜನ ನಿಲ್ಲುತ್ತಿದ್ದರಂತೆ. ಮೀನಿಗೆ ಈಜು ಕಲಿಸುವವರು ಯಾರಪ್ಪಾ ಅಂತ ಒಬ್ಬರು ಕೂಗಿದರೆ, ಫೀಸು ಕೊಟ್ಟರೆ ನಿಮಗೂ ಹೇಳಿಕೊಡುತ್ತೇನೆ ಎಂದು ಇವರು ನೀರಿನಿಂದಲೇ ಉತ್ತರ ಕೊಟ್ಟರಂತೆ.

ಆ ಹೊತ್ತಿಗೆ ಆಫೀಸಿನವರು ಕರೆಸಿದ್ದ ಬೇರೆ ಮುಳುಗುವವರು ಒಬ್ಬರಾದ ಮೇಲೆ ಒಬ್ಬರು ಬಿಟ್ಟು ಹೋಗಿದ್ದರು. ಮೀನಣ್ಣನಿಗೆ ಎಚ್ಚರಿಕೆಯ ಪತ್ರ ಕೊಟ್ಟು ವಾಪಸು ಕರೆದುಕೊಂಡರು. ಕೆಂಪು ಬಟ್ಟೆ ಬೇಡ, ಫ್ಯೂಸು ತೆಗೆದು ಎಲ್ಲರ ಕಣ್ಣೆದುರು ಇಡುವ ಪದ್ಧತಿ ಮಾಡೋಣ ಎಂದು ಹೇಳಿದವರು ಇವರೇ. ಆಫೀಸಿನವರು ಭಾವಮೈದುನನ ಮೇಲಿನ ತಪ್ಪು ತೆಗೆದುಹಾಕಿ, ಮತ್ತೆ ಪಂಪಿಗೆ ಬಾ ಎಂದರು. ಅವರು ಬರಲಿಲ್ಲ. ಕಾಗದದಿಂದ ಹೋದ ತಪ್ಪು ಕೈಯಿಂದ ಹೋಗಲಿಲ್ಲ. ಬಟನ್ ನೋಡಿದರೆ ಅಕ್ಕನ ಕೂಗು ಕೇಳಿಸುತ್ತದೆ ಎಂದರು. ಹಾಗಾದರೆ ನನ್ನ ಹಗ್ಗ ಹಿಡಿ ಎಂದು ಮೀನಣ್ಣ ಕೇಳಿದರು. ಅದಕ್ಕೆ ಒಪ್ಪಲು ಅವರಿಗೆ ಒಂದು ತಿಂಗಳು ಬೇಕಾಯಿತು.

ನಾನು ಬುದ್ಧಿವಂತನ ಹಾಗೆ, ಆ ಹಗ್ಗವೇ ನಿಮಗೆ ದೇವರಿದ್ದ ಹಾಗಲ್ಲವೇ ಎಂದೆ. ಮೀನಣ್ಣ ಕೈ ಬೀಸಿ ಆ ಮಾತನ್ನು ಆಚೆಗೆ ತಳ್ಳಿದರು. “ಹಗ್ಗ ಹಗ್ಗ, ದೇವರು ದೇವರು. ಹಗ್ಗ ಕೊಳೆಯುತ್ತೆ, ಆರು ತಿಂಗಳಿಗೆ ಬದಲಾಯಿಸ್ಬೇಕು.” ಭಯ ಹೋಯಿತೇ ಎಂದು ಕೇಳಿದ್ದಕ್ಕೂ ಇಲ್ಲವೆಂದರು. “ಭಯ ತಗೊಳ್ಳಪ್ಪಾ ಅಂತ ಎಷ್ಟು ಕೇಳಿದೆ. ತಗೊಳ್ಲಿಲ್ಲ. ಸುಳ್ಳು ತಗೊಂಡ. ಭಯ ಇವತ್ತೂ ಇದೆ. ನನ್ನ ಜೊತೆ ಇಳಿಯುತ್ತೆ, ನನ್ನ ಜೊತೇಲೇ ಮೇಲೆ ಬರುತ್ತೆ. ಮೊದಲು ಒಬ್ನೇ ಇಳೀತಿದ್ದೆ ಅನ್ನೋ ಹಾಗಿತ್ತು, ಈಗ ಹಾಗಿಲ್ಲ.” ಇಳಿಯುವ ಮುನ್ನ ತುಟಿ ಅಲ್ಲಾಡುವುದು ಏನು ಎಂದು ಆಗ ಹೇಳಿದರು. ಕಾಪಾಡು ಅನ್ನುವುದಿಲ್ಲವಂತೆ. ನೀನಿದ್ದೀಯ ಎನ್ನುತ್ತಾರೆ, ಅಷ್ಟೇ.

ಕೆಲಸ ಮುಗಿದ ಮೇಲೆ ದಿನಾ ಒಂದು ಪ್ರಶ್ನೆ ಇರುತ್ತದೆ. ಮೀನಣ್ಣ ಮೈ ಒರೆಸಿಕೊಂಡು ಟವೆಲ್ಲಿನ ಮೇಲಿನ ಫ್ಯೂಸುಗಳನ್ನು ಭಾವಮೈದುನನ ಕೈಗೆ ಕೊಟ್ಟು, ಇವತ್ತು ನೀನೇ ಹಾಕ್ತೀಯಾ ಎನ್ನುತ್ತಾರೆ. ಆತ, ಆಗಲ್ಲ ಭಾವ, ಎಂದು ಹೊಸ್ತಿಲವರೆಗೆ ಹೋಗಿ, ಒಳಗಿನ ಆಪರೇಟರಿಗೆ ಕೊಟ್ಟು ಬರುತ್ತಾರೆ. ಎರಡು ವರ್ಷದಿಂದ ಹೀಗೇ. ನಾನು ನೋಡಿದ ಮೊದಲ ಮೂರು ದಿನವೂ ಹೀಗೇ ಆಯಿತು. ಮೂರನೇ ದಿನ ಹೊರಗಿನ ಕಟ್ಟೆಯ ಮೇಲೆ ಕೂತ ಅಕ್ಕ, ಏನೋ, ನನ್ನ ಕೂಗಿಗೆ ಅಷ್ಟು ಹೆದರೋನು ನಾನು ಊಟಕ್ಕೆ ಕೂಗಿದಾಗ ಯಾಕೆ ಬರಲ್ಲ ಎಂದು ತಮ್ಮನನ್ನು ರೇಗಿಸಿದರು. ಆತನೂ ನಕ್ಕರು. ಆದರೆ ಹೊಸ್ತಿಲಲ್ಲಿ ಕಾಲು ನಿಂತೇ ನಿಂತಿತು.

ನಾಲ್ಕನೇ ಬೆಳಿಗ್ಗೆ ಹದಿನಾರು ಮುಳುಗು ಬೇಕಾಯಿತು. ಜೊಂಡು ಹೆಚ್ಚಿತ್ತು. ಕೊನೆಯ ಸಲ ಮೇಲೆ ಬಂದಾಗ ಮೀನಣ್ಣನ ತುಟಿ ನೀಲಿಯಾಗಿತ್ತು, ಮಾತಾಡಲು ಉಸಿರಿರಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವತ್ತಿನ ಪ್ರಶ್ನೆಯನ್ನು ಕೇಳಲೇ ಇಲ್ಲ. ಭಾವಮೈದುನ ಒಂದು ಕ್ಷಣ ಕಾದರು. ಆಮೇಲೆ ತಾವೇ ಬಗ್ಗಿ ಫ್ಯೂಸುಗಳನ್ನು ಎತ್ತಿಕೊಂಡರು. ಭಾವನ ಹೆಗಲು ಮುಟ್ಟಿ, ಮೇಲೇ ಇದ್ದೀರಿ ತಾನೇ, ಎಂದರು. ಮೀನಣ್ಣ ತಲೆಯಾಡಿಸಿದರು. ಸ್ವಲ್ಪ ದೂರ ಹೋದವರು ಹಿಂದಿರುಗಿ ಬಂದು ಇನ್ನೊಮ್ಮೆ ಹೆಗಲು ಮುಟ್ಟಿ ನೋಡಿದರು. ಆಮೇಲೆ ಹೋಗಿ ಹೊಸ್ತಿಲಲ್ಲಿ ನಿಂತರು. ಒಳಗಿನ ಆಪರೇಟರ್ ಎಂದಿನಂತೆ ಕೈ ಚಾಚಿದ್ದರು. ಆ ಕೈಗೆ ಕೊಡದೆ, ಭಾವಮೈದುನ ಕಾಲು ಎತ್ತಿ ಒಳಗಿಟ್ಟರು. ಮೂರು ಫ್ಯೂಸೂ ಗೂಡಿನಲ್ಲಿ ಕೂರುವ ಟಕ್, ಟಕ್, ಟಕ್ ಸದ್ದು ಮೆಟ್ಟಿಲವರೆಗೆ ಕೇಳಿಸಿತು. ಕಟ್ಟೆಯ ಮೇಲೆ ಕೂತಿದ್ದ ಅಕ್ಕ ಎದ್ದು ನಿಂತರು.

ಬಟನ್ ಒತ್ತಿದ್ದು ಆಪರೇಟರೇ. ಭಾವಮೈದುನ ಹೊರಗೆ ಬಂದಾಗ ಅಂಗಿ ಬೆವರಿನಲ್ಲಿ ಬೆನ್ನಿಗೆ ಅಂಟಿತ್ತು. ಮೆಟ್ಟಿಲ ಹತ್ತಿರ ಬಂದು, ಭಾವನ ಮುಖ ನೋಡದೆ, ಹಗ್ಗ ಸುತ್ತುತ್ತ ಹೇಳಿದರು. “ಬಟನ್ನು ನಾಳೆ, ಭಾವ.”

ಆತ ಕಸದ ಬುಟ್ಟಿ ಹೊತ್ತು ದೂರ ಹೋದ ಮೇಲೆ ನಾನು ಕೇಳಿದೆ, ನಾಳೆ ಒತ್ತುತ್ತಾರೆ ಅನ್ನಿಸುತ್ತದೆಯೇ? ಮೀನಣ್ಣ ಟವೆಲ್ಲು ಹಿಂಡಿ, ಕೊಡವಿ, ಹೆಗಲ ಮೇಲೆ ಹಾಕಿಕೊಂಡರು.

“ಗೊತ್ತಿಲ್ಲ ಯಜಮಾನ್ರೇ. ಎರಡು ವರ್ಷ ‘ಆಗಲ್ಲ’ ಅಂದ. ಇವತ್ತು ‘ನಾಳೆ’ ಅಂದ. ನಾಳೆವರೆಗೆ ಕಾಯೋದು ನಂಗೆ ಬರುತ್ತೆ.”